ಇಟಲಿಯ ವಾಟರ್ ಪೋಲೋ ಲೀಗ್‌ನಲ್ಲಿ ಯಾವಾಗಲೂ ಪ್ರೊ ರೆಕ್ಕೊ ತಂಡವೇ ಯಾಕೆ ಗೆಲ್ಲುತ್ತದೆ? ಬೇರೆ ತಂಡಗಳೇ ಇಲ್ವಾ?

ಇವೆ, ಬೇಕಾದಷ್ಟು ಇವೆ. (ವಾಟರ್ ಪೋಲೋ ಅಂದರೆ ನೀರಿನಲ್ಲಿ ಈಜುತ್ತಾ ಚೆಂಡನ್ನು ಕೈಯಿಂದ ಎಸೆದು ಗೋಲು ಹೊಡೆಯುವ ಆಟ. ಪ್ರೊ ರೆಕ್ಕೊ ಅಂದರೆ ರೆಕ್ಕೊ ಅನ್ನೋ ಪುಟ್ಟ ಊರಿನ ತಂಡ.) ಕೆಲಸದ ಮೇಲೆ ಎರಡು ವರ್ಷ ಇಟಲಿಯ ಕರಾವಳಿ ನಗರ ಜೆನೋವಾದಲ್ಲಿದ್ದೆ, ಗೆದ್ದವರ ಪಟ್ಟಿ ನೋಡಿ ನನಗೂ ನಿಮ್ಮ ಹಾಗೇ ಅನಿಸಿತ್ತು.

ಉತ್ತರದ ಅರ್ಧ ಭಾಗ ಟ್ರೈನಿನ ಕಿಟಕಿಯಲ್ಲೇ ಸಿಗುತ್ತದೆ. ಜೆನೋವಾದಿಂದ ಪೂರ್ವಕ್ಕೆ ಪ್ಯಾಸೆಂಜರ್ ಟ್ರೈನು ಹತ್ತಿ. ನೆರ್ವಿ, ಬೊಲ್ಯಾಸ್ಕೊ, ಸೋರಿ, ರೆಕ್ಕೊ, ಕಮೋಲಿ ಅಂತ ಒಂದರ ಹಿಂದೊಂದು ಪುಟ್ಟ ಊರು ಬರುತ್ತವೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಫುಟ್‌ಬಾಲ್ ಆಡೋಣ ಅಂದರೆ ಸಮತಟ್ಟು ಜಾಗವೇ ಕಡಿಮೆ. ಹಾಗಾಗಿ ಇಲ್ಲಿಯವರ ಆಟ ನೀರಿನಲ್ಲೇ, ಇಷ್ಟು ಊರಿಗೂ ಒಂದೊಂದು ವಾಟರ್ ಪೋಲೋ ತಂಡ ಇದೆ! ರೆಕ್ಕೊದ ಜನಸಂಖ್ಯೆ ಸುಮಾರು 10,000, ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು.

ಲೀಗ್ ಶುರುವಾಗಿದ್ದು 1912ರಲ್ಲಿ. ಮೊದಲು ಗೆದ್ದದ್ದು ಜೆನೋವಾ, ಅದೇ ಫುಟ್‌ಬಾಲ್‌ನ ಜೆನೋವಾ ಕ್ಲಬ್ಬು. ಆಗ ಈಜುಕೊಳ ಎಲ್ಲಿತ್ತು, ಈ ಕರಾವಳಿಯವರು ಸಮುದ್ರದಲ್ಲೇ ಆಡುತ್ತಿದ್ದರು. ರೆಕ್ಕೊದ ಕ್ಲಬ್ಬು ಹುಟ್ಟಿದ್ದು 1913ರಲ್ಲಿ, ಎನೋತ್ರಿಯ ಅನ್ನೋ ಹೆಸರಲ್ಲಿ. ಆಮೇಲೆ ಎರಡನೇ ಮಹಾಯುದ್ಧ ಬಂತು. ಊರ ನಡುವೆ ಹಾದುಹೋಗುವ ರೈಲು ಸೇತುವೆ ಇದೆಯಲ್ಲ, ಅದನ್ನು ಉರುಳಿಸಲಿಕ್ಕೆ ಬ್ರಿಟಿಷ್, ಅಮೆರಿಕನ್ ವಿಮಾನಗಳು ಮತ್ತೆ ಮತ್ತೆ ಬಾಂಬು ಹಾಕಿ ಊರನ್ನೇ ನೆಲಸಮ ಮಾಡಿದವು. ಅಂಥ ಊರು 1959ರಲ್ಲಿ ಮೊದಲ ಸಲ ಚಾಂಪಿಯನ್ ಆಯಿತು.

ಆ ಕಾಲದ ಹೀರೋ ಎರಾಲ್ಡೊ ಪಿಟ್ಸೊ. ಅಡ್ಡಹೆಸರು 'ಕೈಮಾನೊ', ಅಂದರೆ ಮೊಸಳೆ ಜಾತಿಯ ಪ್ರಾಣಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಟಲಿ ತಂಡದಲ್ಲಿ ಅವರಿದ್ದರು. 1964ರಿಂದ 1972ರವರೆಗೆ ಲೀಗ್ ಪೂರಾ ರೆಕ್ಕೊದ್ದೇ. ಆದರೆ 80–90ರ ದಶಕ ನೋಡಿ, ನೇಪಲ್ಸ್‌ನ ಪೊಸಿಲ್ಲಿಪೊ ಜೋರಾಗಿತ್ತು, ಪೆಸ್ಕಾರಾ, ಸವೋನಾ ಕೂಡ ಗೆದ್ದಿವೆ. ನನ್ನ ಪ್ರಕಾರ ಲೀಗ್‌ನ ಒಳ್ಳೆಯ ಕಾಲ ಅದೇ. ಯಾರು ಗೆಲ್ಲುತ್ತಾರೆ ಅಂತ ಹೇಳೋಕೆ ಆಗುತ್ತಿರಲಿಲ್ಲ.

ಉತ್ತರದ ಇನ್ನರ್ಧ ದುಡ್ಡು. ಗಾಬ್ರಿಯೇಲೆ ವೋಲ್ಪಿ ಅಂತ ರೆಕ್ಕೊದವರೇ ಒಬ್ಬರು ನೈಜೀರಿಯಾದಲ್ಲಿ ತೈಲ ಕಂಪನಿಗಳಿಗೆ ಬೇಕಾದ ಬಂದರು, ಸಾಗಾಣಿಕೆ ವ್ಯವಹಾರ ಮಾಡಿ ಭಾರೀ ಶ್ರೀಮಂತರಾದರು, ಆ ದುಡ್ಡನ್ನು ಊರಿನ ತಂಡಕ್ಕೆ ಸುರಿದರು. ಹಂಗೇರಿಯ ತಮಾಶ್ ಕಾಶಾಶ್, ಸರ್ಬಿಯಾದ ಫಿಲಿಪ್ ಫಿಲಿಪೋವಿಚ್ ಥರದ, ಜಗತ್ತಿನ ಅತ್ಯುತ್ತಮ ಆಟಗಾರರು ಈ ಚಿಕ್ಕ ಊರಿಗೆ ಬಂದು ಆಡಿದರು. 2006ರಿಂದ 2019ರವರೆಗೆ ಸತತ 14 ಸಲ ಚಾಂಪಿಯನ್. ಕೊರೊನಾ ಬಂದು 2020ರಲ್ಲಿ ಲೀಗ್ ನಿಂತಿತು. 2021ರಲ್ಲಿ ಬ್ರೆಷಾ ತಂಡ ಕೊನೆಗೂ ಇವರನ್ನು ಕೆಳಗಿಳಿಸಿತು. ಆದರೆ ಅದೇ ವರ್ಷ ರೆಕ್ಕೊ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು, ಅದು ಬೇರೆ ಮಾತು.

ನಮ್ಮಲ್ಲಿ ವಾಟರ್ ಪೋಲೋ ನ್ಯಾಷನಲ್ಸ್ ಅಂದರೆ ರಾಜ್ಯಗಳು, ರೈಲ್ವೇಸ್, ಸರ್ವಿಸಸ್ (ಸೇನೆಯ ತಂಡ) ಎಲ್ಲಾ ಒಂದೇ ಕಡೆ ಸೇರಿ ಕೆಲವೇ ದಿನದಲ್ಲಿ ಮುಗಿಸುತ್ತಾರೆ. (1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ವಾಟರ್ ಪೋಲೋ ಚಿನ್ನ ಭಾರತದ್ದೇ, ಎಷ್ಟೋ ಜನಕ್ಕೆ ಗೊತ್ತಿಲ್ಲ.) ಇಟಲಿಯ ಲೀಗ್ ಹಾಗಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ, ಒಂದು ವಾರ ನಮ್ಮೂರಲ್ಲಿ, ಇನ್ನೊಂದು ವಾರ ನಿಮ್ಮೂರಲ್ಲಿ. ಹಾಗಾಗಿ ಊರಿಗೆ ಊರೇ ಪಂದ್ಯದ ಮಾತಾಡುತ್ತದೆ.

ನಾನು 2018ರಲ್ಲಿ ರೆಕ್ಕೊ–ಬೊಲ್ಯಾಸ್ಕೊ ಪಂದ್ಯ ನೋಡಿದೆ. ಎರಡೂ ಊರಿನ ಮಧ್ಯೆ ಟ್ರೈನಿನಲ್ಲಿ ಕಾಲು ಗಂಟೆಯೂ ಇಲ್ಲ. ರೆಫರಿ ಕೊಳದ ಅಂಚಿನಲ್ಲಿ ಓಡಾಡುತ್ತಾ ಒಂದೇ ಸಮನೆ ಸೀಟಿ ಊದುತ್ತಿದ್ದರು. ನೀರಿನ ಮೇಲೆ ಕೈ ಎತ್ತಿ 'ನಾನೇನೂ ಮಾಡಿಲ್ಲ' ಅಂತ ತೋರಿಸುವವನೇ ಕೆಳಗೆ ಕಾಲಲ್ಲಿ ಒದೆಯುತ್ತಿದ್ದ. ಎರಡನೇ ಕ್ವಾರ್ಟರ್, ಅಂದರೆ ಅರ್ಧ ಆಟ ಮುಗಿಯುವಷ್ಟರಲ್ಲಿ ರೆಕ್ಕೊ ಗೆದ್ದ ಹಾಗೇ ಇತ್ತು. ಪಕ್ಕದಲ್ಲಿ ಒಬ್ಬ ಅಜ್ಜ, ಕೊರಳಿಗೆ ರೆಕ್ಕೊದ ಸ್ಕಾರ್ಫು, ಕೈಯಲ್ಲಿ ಫೊಕಾಚ (ಅಲ್ಲಿಯದು ಒಳಗೆ ಚೀಸ್ ತುಂಬಿದ ತೆಳು ರೊಟ್ಟಿ, ಖಂಡಿತ ತಿನ್ನಿ). ತಮ್ಮವರು ಗೋಲು ಹೊಡೆದಾಗಲೆಲ್ಲ ಸುಮ್ನೆ ರೊಟ್ಟಿ ಜಗಿಯುತ್ತಿದ್ದರು. ಬೊಲ್ಯಾಸ್ಕೊದ ಹುಡುಗನೊಬ್ಬ ದೂರದಿಂದ ಗೋಲ್‌ಕೀಪರ್ ತಲೆ ಮೇಲೆ ಚೆಂಡು ತೇಲಿಸಿ ಗೋಲು ಹೊಡೆದ. ಅಜ್ಜ ರೊಟ್ಟಿ ತೊಡೆ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟಿದರು.