ಊರು ದೊಡ್ಡದು, ಬಾಗಿಲು ಮಾತ್ರ ಬಂದ್

ಜಿಟಿಎ 5 (ಗ್ರ್ಯಾಂಡ್ ಥೆಫ್ಟ್ ಆಟೋ 5) ಅನ್ನೋ ವಿಡಿಯೋ ಗೇಮ್‌ನಲ್ಲಿ ಇಷ್ಟು ದೊಡ್ಡ ಊರು ಕಟ್ಟಿ, ಹೆಚ್ಚಿನ ಬಾಗಿಲುಗಳನ್ನು ಯಾಕೆ ಮುಚ್ಚಿಟ್ಟಿದ್ದಾರೆ ಅಂತ ಕೇಳಿದ್ದೀರಿ. ಸೋಮಾರಿತನ ಅಲ್ಲ. ಆ ಗೇಮ್ ಮೊದಲು ಬಂದದ್ದು 2013ರಲ್ಲಿ, ಪಿಎಸ್3 (ಪ್ಲೇಸ್ಟೇಷನ್ 3) ಮತ್ತು ಎಕ್ಸ್‌ಬಾಕ್ಸ್ 360 ಅನ್ನೋ ಗೇಮ್ ಯಂತ್ರಗಳಿಗೆ. ಎರಡರಲ್ಲೂ ಒಟ್ಟು ಮೆಮೊರಿ ಬರೀ 512 ಎಂಬಿ! ನೀವು ಕಾರು ಓಡಿಸುವಾಗ ಗೇಮ್ ಮುಂದಿನ ರಸ್ತೆಯನ್ನು ಲೋಡ್ ಮಾಡುತ್ತಾ, ಹಿಂದಿನದನ್ನು ಎಸೆಯುತ್ತಾ ಹೋಗಬೇಕು. ಅದರ ನಡುವೆ ಪ್ರತಿ ಮನೆಯ ಸೋಫಾ, ಪಾತ್ರೆ ಪಗಡಿಗೆ ಜಾಗ ಎಲ್ಲಿ? ಅದಕ್ಕೇ ಬಟ್ಟೆ, ಕ್ಷೌರ, ಬಂದೂಕಿನ ಅಂಗಡಿಯಂಥವು ಮಾತ್ರ ತೆರೆದಿವೆ. ಅವುಗಳಲ್ಲೂ ಬಹಳಷ್ಟು ಒಂದೇ ಅಚ್ಚಿನವು, ಗಮನಿಸಿದ್ದೀರಾ?

ಇನ್ನು, ಒಳಗೆ ಬಿಟ್ಟರೆ ಅಲ್ಲಿ ಮಾಡೋಕೆ ಏನಾದರೂ ಇರಬೇಕಲ್ವಾ? ನೂರು ಖಾಲಿ ಕೋಣೆ ಸುತ್ತಿದರೆ ಬೇಜಾರೇ ಜಾಸ್ತಿ.

ಸ್ಕೈರಿಮ್ ಅನ್ನೋ ಇನ್ನೊಂದು ಗೇಮ್‌ನಲ್ಲಿ ಹೆಚ್ಚಿನ ಮನೆಗಳಿಗೆ ನುಗ್ಗಬಹುದು, ನಿಜ. ಆದರೆ ಅಲ್ಲಿ ಪಟ್ಟಣ ಅಂದರೆ ನಮ್ಮ ಸಣ್ಣ ಹಳ್ಳಿಯಷ್ಟು. ಬಾಗಿಲು ದಾಟಿದಾಗ ಲೋಡಿಂಗ್ ಪರದೆ ಬರುತ್ತದೆ, ಯಾಕಂದರೆ ಒಳಭಾಗ ಬೇರೆಯೇ ತುಂಡು.

ನನಗೆ ಸಿಟ್ಟು ಬರುವುದು ಸೈಬರ್‌ಪಂಕ್ 2077 ಗೇಮ್ ಮೇಲೆ. ಎಷ್ಟೋ ಬಾಗಿಲುಗಳ ಹತ್ತಿರ ಹೋದರೆ ‘ಲಾಕ್ಡ್’ ಅಂತ ತೋರಿಸುತ್ತದೆ. ತೆರೆಯದ ಬಾಗಿಲಿಗೆ ಆಸೆ ಯಾಕೆ ಹುಟ್ಟಿಸಬೇಕು? ಸುಮ್ನೆ ಗೋಡೆಯ ಹಾಗೆ ಬಿಟ್ಟಿದ್ದರೆ ಸಾಕಿತ್ತು.