ಗುಂಟೆ ಗೊತ್ತಿರುವ ಮಗುವಿಗೆ ವಿಸ್ತೀರ್ಣ ಯಾಕೆ ಕಷ್ಟ?

(ಪಾಂಡವಪುರ ತಾಲ್ಲೂಕಿನ ಗಣಿತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಏಳನೇ ತರಗತಿಯ ಮಕ್ಕಳು ವಿಸ್ತೀರ್ಣದ ಸೂತ್ರವನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಸುತ್ತಳತೆ ಕೇಳಿದರೆ ವಿಸ್ತೀರ್ಣ ಬರೆದಿಡುತ್ತಾರೆ. ಮನೆಯ ಗದ್ದೆ ಎಷ್ಟು ಗುಂಟೆ ಅಂದರೆ ಮಾತ್ರ ಥಟ್ಟನೆ ಉತ್ತರ ಬರುತ್ತದೆ. ಹಾಗಾಗಿ ಗುಂಟೆಯಿಂದಲೇ ಪಾಠ ಶುರು ಮಾಡಿದರೆ ಸಹೋದ್ಯೋಗಿಗಳು ಕೇಳುತ್ತಾರಂತೆ: ‘ಗದ್ದೆ, ಕಬ್ಬು ಅಂತ ಕೂತರೆ ಪೋರ್ಷನ್ ಮುಗಿಸೋದು ಯಾವಾಗ? ಮಕ್ಕಳು ಅಲ್ಲೇ ಉಳಿದುಬಿಡಲ್ವಾ?’)

ಮೇಡಂ, ನಮಸ್ಕಾರ.

ನಿಮ್ಮ ಸಹೋದ್ಯೋಗಿಗಳ ಎರಡನೇ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಅದು ಸರಿಯಾದ ಪ್ರಶ್ನೆ. ಲೆಕ್ಕದಲ್ಲಿ ‘ಆಯತ’ ಅನ್ನುವ ಕಡೆ ‘ಗದ್ದೆ’ ಅಂತ ಬರೆದರೆ ಮಗುವಿಗೆ ಹೊಸದೇನೂ ಸಿಗುವುದಿಲ್ಲ. ಗೊತ್ತಿರುವುದರಿಂದ ಶುರು ಮಾಡಬೇಕು, ನಿಜ. ಆದರೆ ಆ ಗೊತ್ತಿರುವುದು ಎಲ್ಲಿ ಸಾಲದೇ ಹೋಗುತ್ತದೋ ಅಲ್ಲಿಯವರೆಗೆ ಮಗುವನ್ನು ಕರೆದುಕೊಂಡು ಹೋಗಬೇಕು. ಹೊಸ ಪರಿಕಲ್ಪನೆ ಬೇಕು ಅಂತ ಮಗುವಿಗೇ ಅನಿಸುವುದು ಅಲ್ಲಿ.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1089 ಚದರ ಅಡಿ. ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಈ ಚೌಕ ಹಾಕಿಸಿ. ಪಕ್ಕದಲ್ಲಿ ನಾಲೆ ಏರಿಯ ಪಟ್ಟಿಯಂಥ ಒಂದು ಜಾಗ ಹಾಕಿಸಿ: 11 ಅಡಿ ಅಗಲ, 99 ಅಡಿ ಉದ್ದ. ಜಾಗ ಸಾಲದಿದ್ದರೆ ಚೌಕಳಿ ಹಾಳೆಯಲ್ಲಿ ಬರೆಸಿದರೂ ಆಗುತ್ತದೆ. ಯಾವುದು ದೊಡ್ಡದು ಅಂತ ಕೇಳಿ. ಕೆಲವರು ಚೌಕ ಅನ್ನಬಹುದು, ಕೆಲವರು ಉದ್ದ ಇರುವುದೇ ದೊಡ್ಡದು ಅನ್ನಬಹುದು. ಜಗಳ ಆಗಲಿ ಬಿಡಿ. ಕಣ್ಣಳತೆಯಲ್ಲಿ ಈ ಜಗಳ ತೀರುವುದಿಲ್ಲ, ಗುಣಿಸಲೇಬೇಕು. ಗುಣಿಸಿದರೆ ಎರಡೂ 1089, ಎರಡೂ ಒಂದೊಂದು ಗುಂಟೆ.

ಈಗ ತಂತಿ ಬೇಲಿ ಹಾಕುವ ಮಾತು ತೆಗೆಯಿರಿ. ಚೌಕಕ್ಕೆ ಒಂದು ಸುತ್ತಿಗೆ 132 ಅಡಿ ತಂತಿ ಸಾಕು. ಪಟ್ಟಿಗೆ 220 ಅಡಿ ಬೇಕು. ಜಾಗ ಅಷ್ಟೇ, ತಂತಿಯ ಖರ್ಚು ಮಾತ್ರ ಜಾಸ್ತಿ. ವಿಸ್ತೀರ್ಣ ಬೇರೆ, ಸುತ್ತಳತೆ ಬೇರೆ ಅನ್ನುವುದನ್ನು ಇಲ್ಲಿ ಮಕ್ಕಳೇ ಕಂಡುಕೊಳ್ಳುತ್ತಾರೆ. ನೀವು ಸೂತ್ರ ಬರೆಸುವ ಹೊತ್ತಿಗೆ ಅದಕ್ಕೊಂದು ಕೆಲಸ ಇರುತ್ತದೆ.

ಪಹಣಿಯ ಲೆಕ್ಕವನ್ನೂ ಬಿಡಬೇಡಿ, ನನಗೆ ಅದು ಇನ್ನೂ ಇಷ್ಟ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ನಮ್ಮ ಕಡೆ 1-20 ಅಂತ ಬರೆಯುತ್ತಾರೆ. ಅಪ್ಪನದು 1-20, ಚಿಕ್ಕಪ್ಪನದು 1-20, ಒಟ್ಟು ಎಷ್ಟು? ಮನೆಯಲ್ಲಿ ಕೇಳಿದರೆ ‘ಮೂರು ಎಕರೆ’. ದಶಮಾಂಶ ಕಲಿತ ಮಗು ನೋಟ್‌ಬುಕ್ಕಿನಲ್ಲಿ 2.40 ಅಂತ ಬರೆದುಬಿಡಬಹುದು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಗುಂಟೆಯಲ್ಲಿ ನಲವತ್ತಾದರೆ ಪಕ್ಕದ ಎಕರೆಯ ಸ್ಥಾನಕ್ಕೆ ಒಂದು ಹೋಗುತ್ತದೆ, ನಮ್ಮ ಸಂಖ್ಯೆಗಳಲ್ಲಿ ಹತ್ತಾದರೆ ಹೋಗುತ್ತದೆ. ಸ್ಥಾನಬೆಲೆ ಅಂದರೆ ನಾವು ಮಾಡಿಕೊಂಡ ಒಂದು ಒಪ್ಪಂದ, ಬೇರೆ ಒಪ್ಪಂದವೂ ಸಾಧ್ಯ ಅನ್ನುವುದು ದೊಡ್ಡ ವಿಚಾರ. ಅದು ಪ್ರತಿ ಮನೆಯ ಟ್ರಂಕಿನಲ್ಲಿರುವ ಕಾಗದದಲ್ಲೇ ಇದೆ. ಗಂಟೆ ನಿಮಿಷಕ್ಕೆ ಬಂದಾಗ ಅರವತ್ತು ಯಾಕೆ ಅಂತ ಮಕ್ಕಳೇ ಕೇಳಬಹುದು.

‘ಮನೆಯಲ್ಲಿ ಗೊತ್ತಿದ್ದರೆ ಶಾಲೆಯಲ್ಲೂ ತಾನಾಗೇ ಬರುತ್ತದೆ’ ಅನ್ನುವವರಿದ್ದಾರೆ. ಹಾಗಾಗುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುವ ಆ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಲೆಕ್ಕ ಮಾಡುವ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕಷ್ಟವಾಯಿತು. ಅಂದರೆ ಎರಡನ್ನೂ ಸೇರಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ನೀವು ಮಾಡುತ್ತಿರುವುದು ಅದೇ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ 1930ರ ದಶಕದಲ್ಲೇ ಇದನ್ನು ಹೇಳಿದ್ದರು. ದಿನಬಳಕೆಯ ತಿಳಿವಳಿಕೆ ಅನುಭವದಿಂದ ಶುರುವಾಗಿ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ, ಶಾಲೆಯ ಪರಿಕಲ್ಪನೆ ವ್ಯಾಖ್ಯೆಯಿಂದ ಶುರುವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಒಂದಕ್ಕೊಂದು ಬೇಕು ಅನ್ನುವುದು ಅವರ ವಾದ.

ಆದರೆ ಎಲ್ಲದಕ್ಕೂ ಊರಿನ ಉದಾಹರಣೆ ಹುಡುಕುವ ಹಟ ಬೇಡ. ಋಣಸಂಖ್ಯೆಗಳನ್ನು ಕೂಡುವಾಗ ಸಾಲದ ಉದಾಹರಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸುವಾಗ ಅದೇ ಕೈ ಕೊಡುತ್ತದೆ. ಸಾಲವನ್ನು ಸಾಲದಿಂದ ಗುಣಿಸುವವರು ಯಾರು? ಅಲ್ಲಿ ಸಾಲವನ್ನು ಬಿಟ್ಟು ಸಾಲಾಗಿ ಬರೆಸಿ. ಮೈನಸ್ 2ನ್ನು 2ರಿಂದ ಗುಣಿಸಿದರೆ ಮೈನಸ್ 4, 1ರಿಂದ ಮೈನಸ್ 2, 0ಯಿಂದ 0. ಪ್ರತಿ ಸಲ ಎರಡೆರಡು ಏರುತ್ತಿದೆ. ಹಾಗಾದರೆ ಮೈನಸ್ 1ರಿಂದ ಗುಣಿಸಿದರೆ? ಏಳನೇ ತರಗತಿಯ ಮಗು ಈ ಜಾಡನ್ನು ಹಿಡಿಯಬಲ್ಲದು.

ಪೋರ್ಷನ್ ಪ್ರಶ್ನೆಗೂ ಹೇಳುತ್ತೇನೆ. ಎಲ್ಲ ಪಾಠಕ್ಕೂ ಇಷ್ಟು ಸಮಯ ಬೇಕಾಗಿಲ್ಲ. ಮಕ್ಕಳು ಮತ್ತೆ ಮತ್ತೆ ಎಡವುವ ಪಾಠಗಳಿಗೆ ಮಾತ್ರ ಕೊಡಿ. ಪಠ್ಯವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಅನ್ನುವುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ. ಯಾರಾದರೂ ಆಕ್ಷೇಪಿಸಿದರೆ ಅದನ್ನು ತೋರಿಸಿ.

ಕೆಆರ್‌ಎಸ್ ಸುದ್ದಿಯನ್ನೂ ಒಂದು ದಿನ ತರಗತಿಗೆ ತನ್ನಿ. ನಿಮ್ಮ ಮಕ್ಕಳು ಕ್ಯೂಸೆಕ್, ಟಿಎಂಸಿ ಎರಡೂ ಪದ ಕೇಳಿಯೇ ಇರುತ್ತಾರೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಅನ್ನುವ ಅಳತೆ. ಟಿಎಂಸಿ ನೀರಿನ ಮೊತ್ತದ್ದು, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನವಿಡೀ ಎಷ್ಟು ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ ಅಂತ ಕೇಳಿ. ಸುಮಾರು 11,574 ಬರಬೇಕು. ಮಕ್ಕಳು ಅಲ್ಲಿಗೆ ಹೇಗೆ ಬಂದರು, ಎಲ್ಲಿ ಸಿಕ್ಕಿಕೊಂಡರು ಅನ್ನುವುದನ್ನು ಅವರ ಮಾತಲ್ಲೇ ಬರೆಸಿ ಕಳಿಸಿ. ತಪ್ಪಾದ ಉತ್ತರಗಳನ್ನೂ ಸೇರಿಸಿ ಪ್ರಕಟಿಸುತ್ತೇವೆ.

— ಸಂ.