ಪರ್ಸೆಂಟೇಜ್ ಬಿಡಿ, ತಮ್ಮನ ಕೆಲಸ ಏನೆಂದು ಬರೆಸಿ

ಆಕ್ಸಿಡೆಂಟ್ ಆದ ತಮ್ಮನ ಬಲಗೈಗೆ ಡಾಕ್ಟರ್ ಶೇ 30 ಅಂಗವೈಕಲ್ಯ ಎಂದಿದ್ದಾರೆ, ಬೇರೆ ಕಡೆ 45 ಬರೆಸಿದರೆ ಎಷ್ಟು ಲಕ್ಷ ಪರಿಹಾರ ಜಾಸ್ತಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದೆ. 2018ರಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಆಗ ನನಗೆ 38 ವರ್ಷ. ಬಲಗೈ ಮಣಿಕಟ್ಟಿಗೆ ಪ್ಲೇಟ್ ಹಾಕಿದರು. ಮೂಳೆ ಕೂಡಿತು, ಆದರೆ ಹೆಬ್ಬೆರಳು ಮತ್ತು ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಸರ್ಟಿಫಿಕೇಟಿನಲ್ಲಿ ಶೇ 36 ಎಂದು ಬಂತು. ಇನ್ನು ದುಡ್ಡು ಬಂದಂತೆಯೇ ಎಂದುಕೊಂಡೆ.

ತಪ್ಪಾಗಿದ್ದು ಪರಿಹಾರದ ಕೇಸಿಗೆ ಕೊಟ್ಟ ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಕೋರ್ಟಿಗೆ ಬರೆದುಕೊಡುವ ಹೇಳಿಕೆಯಲ್ಲಿ. ಟೈಪ್ ಮಾಡುತ್ತಿದ್ದ ಹುಡುಗ "ಏನು ಕೆಲಸ?" ಎಂದು ಕೇಳಿದ. "ಕೂಲಿ" ಎಂದೆ. ನಮ್ಮ ಕಡೆ ರೀಲಿಂಗ್‌ಗೆ, ಅಂದರೆ ನೂಲು ಬಿಚ್ಚಲು, ಹೋಗುವವರೂ ಕೂಲಿಗೆ ಹೋಗುತ್ತೇವೆ ಎಂದೇ ಹೇಳುವುದು, ಅಲ್ವಾ? ಅವನು ಹಾಗೇ ಟೈಪ್ ಮಾಡಿದ, ನಾನು ಸಹಿ ಹಾಕಿದೆ. ನಮ್ಮ ಯೂನಿಟ್ ಮಾಲೀಕರು ವಾರದ ಬಟವಾಡೆ ಪುಸ್ತಕ ತಂದು ಸಾಕ್ಷಿ ಹೇಳಲು ತಯಾರಿದ್ದರು. "ನೀವು ಸುಮ್ನೆ ಯಾಕೆ ಕೋರ್ಟು ಅಲೆಯಬೇಕು, ಬಿಡಿ ಅಣ್ಣ" ಎಂದವನೂ ನಾನೇ.

ಆ ಒಂದು ಮಾತು ಏನು ಮಾಡಿತು ನೋಡಿ. ನೂಲು ಬಿಚ್ಚುವುದೆಂದರೆ ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿಯಬೇಕು. ಕೂದಲಿಗಿಂತ ತೆಳುವಾದ ಎಳೆ. ತುಂಡಾದರೆ ಓಡುವ ನೂಲಿಗೆ ತಕ್ಷಣ ಸೇರಿಸಬೇಕು. ಈ ಎರಡು ಬೆರಳು ಇಲ್ಲದೆ ಆ ಕೆಲಸವೇ ಇಲ್ಲ. ಕೋರ್ಟಿಗೆ ಇದನ್ನು ಯಾರೂ ಹೇಳಲಿಲ್ಲ. ಕಾಗದದಲ್ಲಿ ಇದ್ದದ್ದು ಕೂಲಿಯವನ ಕೈ ಮಾತ್ರ.

ಆದಾಯಕ್ಕೆ ದಾಖಲೆ ಇಲ್ಲವೆಂದು ತಿಂಗಳಿಗೆ 11,000 ಎಂದು ಅಂದಾಜು ಹಿಡಿದರು. ಒಂದು ಕೈಯ ಶೇ 36 ಎಂದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ 12. ನಮ್ಮ ಕಡೆಯ ಕೋರ್ಟುಗಳಲ್ಲಿ ಹೀಗೆ ಇಳಿಸುವುದು ಮಾಮೂಲು. ಇನ್ನು ವಯಸ್ಸಿಗೆ ತಕ್ಕ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 36ರಿಂದ 40 ವರ್ಷಕ್ಕೆ 15. ವರ್ಷದ 1,32,000ವನ್ನು 15ರಿಂದ ಗುಣಿಸಿ ಅದರಲ್ಲಿ ಶೇ 12 ತೆಗೆದರೆ 2,37,600. ಜೀವಮಾನದ ಸಂಪಾದನೆ ನಷ್ಟಕ್ಕೆ ನನಗೆ ಸಿಕ್ಕಿದ್ದು ಅಷ್ಟು. ಆಸ್ಪತ್ರೆ ಬಿಲ್ಲು, ನೋವಿಗೆ, ರಜೆಯ ತಿಂಗಳಿಗೆ ಬೇರೆ ಕೊಟ್ಟರು.

ನಿಜವಾಗಿ ನಾನು ದುಡಿಯುತ್ತಿದ್ದದ್ದು 15,000. ಬಟವಾಡೆ ಪುಸ್ತಕ ಕೋರ್ಟಿಗೆ ಬಂದು, ನನ್ನ ಕೆಲಸಕ್ಕೆ ಆದ ನಷ್ಟವನ್ನು ಶೇ 40 ಎಂದು ಒಪ್ಪಿದ್ದರೂ 10,80,000 ಆಗುತ್ತಿತ್ತು. ಅದೇ ಕೈ, ಅದೇ ಸರ್ಟಿಫಿಕೇಟು!

ಹೈಕೋರ್ಟಿಗೂ ಹೋದೆ. ನೋವಿನ ಬಾಬ್ತು ಸ್ವಲ್ಪ ಜಾಸ್ತಿ ಮಾಡಿದರು. ಕೆಲಸದ ವಿಷಯದಲ್ಲಿ ನಾನೇ ಕೂಲಿ ಎಂದು ಪ್ರಮಾಣ ಮಾಡಿ ಹೇಳಿದ್ದೆನಲ್ಲ, ಏನು ಮಾಡುವುದು?

2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪನ್ನು ನಾನು ಆಮೇಲೆ ಓದಿಸಿಕೊಂಡೆ. ಎಡಗೈ ಹೋದರೆ ಡ್ರೈವರ್‌ಗೋ ಬಡಗಿಗೋ ಹೆಚ್ಚುಕಡಿಮೆ ಪೂರ್ತಿ ದುಡಿಮೆಯೇ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಬಿಡಿಸಿ ಹೇಳಿದೆ. ಕೋರ್ಟ್ ಅಳೆಯುವುದು ಕೈಯನ್ನಲ್ಲ, ಆ ಕೈಯಿಂದ ಆಗುತ್ತಿದ್ದ ದುಡಿಮೆಯನ್ನು.

ಹಾಗಾಗಿ 45 ಬರೆಸುವ ಯೋಚನೆ ಬಿಟ್ಟುಬಿಡಿ. ಅದು ಸುಳ್ಳು. ಇನ್ಶೂರೆನ್ಸ್ ವಕೀಲರು ಎಕ್ಸ್‌ರೇ ಇಟ್ಟುಕೊಂಡು ಆ ಡಾಕ್ಟರನ್ನು ಕೋರ್ಟಿನಲ್ಲಿ ಪಾಟೀಸವಾಲು ಮಾಡುತ್ತಾರೆ. ಅನುಮಾನ ಬಂದರೆ ಕೋರ್ಟು ಮೆಡಿಕಲ್ ಬೋರ್ಡಿಗೂ ಕಳಿಸಬಹುದು. ಆಗ ನಿಜವಾದ 30 ಅನ್ನೂ ನಂಬುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರೇ ಬಂದು ಈ ಕೈಯಿಂದ ಯಾವ ಕೆಲಸ ಆಗುವುದಿಲ್ಲ ಎಂದು ಹೇಳಲಿ. ಸಂಬಳ ಕೊಡುವವರನ್ನು ಕರೆಸಿ. ಅಫಿಡವಿಟನ್ನು ಕನ್ನಡದಲ್ಲಿ ಓದಿಸಿಕೊಂಡು ಆಮೇಲೆ ಸಹಿ ಹಾಕಿಸಿ. 2022ರ ಏಪ್ರಿಲ್‌ನಿಂದ ಕ್ಲೇಮ್ ಹಾಕಲು ಕಾಯ್ದೆಯಲ್ಲಿ 6 ತಿಂಗಳ ಗಡುವೂ ಇದೆ, ತಡ ಮಾಡಬೇಡಿ.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪರ್ಸೆಂಟೇಜ್ ಇದೆ, ಗಾಡಿ ಯಾವುದೆಂದು ಇದೆ, ಆಸ್ಪತ್ರೆ ಖರ್ಚು ಇದೆ. ತಮ್ಮ ಏನು ಕೆಲಸ ಮಾಡುತ್ತಿದ್ದ ಎಂದು ಎಲ್ಲೂ ಇಲ್ಲ. ಅದನ್ನು ಬರೆಯಿರಿ, ಮುಂದಿನದು ಹೇಳುತ್ತೇನೆ.